ದೊಡ್ಡವ್ವನ ಕೈಗುಣ ಮತ್ತು ಗಾಮಾ ಕಿರಣ

ಹೇಳಬಾರದ ಹೊತ್ತಿನಲ್ಲಿ ಹೇಳಬಾರದ ಮಾತು ಹೇಳುವ ಚಟ ನನಗೆ ಮೊದಲಿನಿಂದಲೂ ಇದೆ. ಹೊಸಪೇಟೆಯ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ದೊಡ್ಡವ್ವ ನಲವತ್ತು ವರ್ಷಗಳಿಂದ ಅಶ್ವಗಂಧದ ಬೇರು, ನೆಲ್ಲಿಚೆಟ್ಟು ಕುಟ್ಟಿ ಚೂರ್ಣ ಮಾಡುತ್ತಾಳೆ. ಪೊಟ್ಟಣಕ್ಕೆ ಚೀಟಿ ಅಂಟಿಸುವುದು ನನ್ನ ಪಾಲಿನ ಆಯುರ್ವೇದ. ಕಂಪ್ಲಿ, ಸಂಡೂರಿನಿಂದ ಬರುವವರು ಆ ಚೀಟಿಯತ್ತ ಕಣ್ಣೂ ಹಾಯಿಸದೆ, "ದೊಡ್ಡವ್ವನ ಕೈಗುಣ ಭಾಳ ಛಲೋ ಐತ್ರಿ" ಎಂದು ಒಯ್ಯುತ್ತಾರೆ.

ಈ ಸಲ ಪರೀಕ್ಷೆಗೆ ಕಳಿಸಿದ್ದ ಲ್ಯಾಬಿನಿಂದ ವರದಿ ಬಂತು: ಚೂರ್ಣದಲ್ಲಿ ಬ್ಯಾಕ್ಟೀರಿಯಾ, ಬೂಷ್ಟು ಮಿತಿ ಮೀರಿವೆ. ಊಟಕ್ಕೆ ಕುಳಿತವಳ ಮುಂದೆಯೇ ಅದನ್ನು ಗಟ್ಟಿಯಾಗಿ ಓದಿದೆ. ದೊಡ್ಡವ್ವ ತುತ್ತು ಕೆಳಗಿಟ್ಟು ತನ್ನ ಅಂಗೈ ನೋಡಿಕೊಂಡಳು.

"ನನ್ನ ಕೈ ಹೊಲಸು ಅಂತ ಬರದಾರೇನು?"

"ಹಂಗಲ್ಲ ದೊಡ್ಡವ್ವಾ, ಬೇರಿಗೆ ಮಣ್ಣು ಇರ್ತೈತಿ, ಮಾಳಿಗಿ ಮ್ಯಾಲೆ ಒಣಗಸ್ತೀವಿ, ಲಾರಿ ಧೂಳು ಬ್ಯಾರೆ..." ಎಂದು ನಾನು ತಡವರಿಸುವಷ್ಟರಲ್ಲಿ ಎದ್ದುಹೋದಳು. ಮರುದಿನದಿಂದ ಒರಳಿನ ಸದ್ದು ನಿಂತಿತು. ನನ್ನನ್ನು ಎತ್ತಿ ಆಡಿಸಿದ ಆ ಕೈಗಳು ಮಡಿಲಲ್ಲಿ ಸುಮ್ಮನೆ ಬಿದ್ದಿದ್ದವು.

ಒಣಗಿಸುವ ಜಾಗಕ್ಕೆ ಪರದೆ ಕಟ್ಟಿಸಿದೆ. ಇದ್ದ ಚೂರ್ಣವನ್ನು ಪೊಟ್ಟಣಗಳಲ್ಲಿ ಭದ್ರವಾಗಿ ಮುಚ್ಚಿ, ಗಾಮಾ ಕಿರಣ ಹಾಯಿಸುವ ಕೇಂದ್ರಕ್ಕೆ ಕಳಿಸಿದೆ. ಕಿರಣ ಪೊಟ್ಟಣದೊಳಗೇ ಹಾದು ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ, ಚೂರ್ಣದಲ್ಲಿ ವಿಕಿರಣ ಉಳಿಯುವುದಿಲ್ಲ ಎಂದು ದೊಡ್ಡವ್ವನಿಗೆ ವಿವರಿಸಿದೆ.

"ಜೀವ ತಗದ ಔಷಧದಾಗ ಗುಣ ಎಲ್ಲಿರ್ತೈತೋ?" ಎಂದಳು. ನನಗೆ ಗೊತ್ತಿದ್ದ ಉತ್ತರವೆಲ್ಲ ಇಂಗ್ಲಿಷಿನಲ್ಲಿತ್ತು.

ಪೊಟ್ಟಣಗಳು ಮರಳಿದವು, ಮರುಪರೀಕ್ಷೆಯಲ್ಲಿ ಪಾಸೂ ಆದವು. ಆ ಖುಷಿಯಲ್ಲಿ ನಾನು ಒಂದು ಪೊಟ್ಟಣವನ್ನು ಹಲ್ಲಿನಿಂದ ಹರಿದು, ಬೆರಳು ಅದ್ದಿ ಅವಳ ಮೂಗಿನ ಹತ್ತಿರ ಹಿಡಿದೆ. "ವಾಸನಿ ನೋಡು, ಮೊದಲಿನಂಗ ಐತಿ!"

ದೊಡ್ಡವ್ವ ಮೂಸಿದಳು. ಮಿರ್ಚಿ ತಿಂದು ತೊಳೆಯದ ನನ್ನ ಬೆರಳನ್ನು ದಿಟ್ಟಿಸಿದಳು.

"ಹೌದು, ಹಂಗ ಐತಿ. ಈಗ ನಿನ್ನ ಕೈಗುಣಾನೂ ಸೇರಿತು. ಆ ಪೊಟ್ಟಣ ಯಾರಿಗೂ ಕೊಡಬ್ಯಾಡ."

ಎಷ್ಟೋ ವಾರಗಳ ನಂತರ ಅವಳು ಅಂದು ನಕ್ಕಳು. ಮರುದಿನ ಬೆಳಿಗ್ಗೆ ಒರಳಿನ ಸದ್ದು ಕೇಳಿದಾಗ ನನ್ನ ಕಣ್ಣು ತುಂಬಿ ಬಂತು.

ಈಗ ಶೆಡ್ಡಿನ ಬಾಗಿಲಲ್ಲಿ ಸೋಪು, ನೀರು, ಮೇಲೊಂದು ಬೋರ್ಡು: "ಕೈ ತೊಳೆದು ಒಳಗೆ ಬನ್ನಿ." ಹಟ ಹಿಡಿದು ಬರೆಸಿದವಳು ದೊಡ್ಡವ್ವ. ಆ ಶೆಡ್ಡಿನೊಳಗೆ ಕಾಲಿಡುವವರು ನಾವಿಬ್ಬರೇ. ಅವಳಿಗೆ ಓದಲು ಬರುವುದಿಲ್ಲ.