ಅಟ್ಟ ಸೇರಿದ ಬೂಸ್ಟರ್

ತಪ್ಪು ಮಾಡುವುದೇನು ಮಹಾ, ಯಾರು ಬೇಕಾದರೂ ಮಾಡಬಹುದು. ಮಾಡಿದ್ದನ್ನು ಒಪ್ಪಿಕೊಳ್ಳದೆ ತಿಂಗಳುಗಟ್ಟಲೆ ನಿಭಾಯಿಸುವುದಕ್ಕೆ ಎದೆಗಾರಿಕೆ ಬೇಕು. ನನಗದು ಇದೆ. ಹೊನ್ನವಳ್ಳಿಯ ನಮ್ಮ ಹೆಂಚಿನ ಮನೆಯಲ್ಲಿ ಟಿವಿ ಎರಡು, ಮೇಲೆ ಡಿಶ್ಶಿನ ಕೊಡೆ ಒಂದು. ನಡುಮನೆಯ ಟಿವಿ ಅವ್ವನದು, ಅಡುಗೆಮನೆಯದು ನನ್ನ ಹೆಂಡತಿ ಗಿರಿಜೆಯದು. ಟಿವಿ ಒಂದೇ ಇದ್ದಾಗ ಇಬ್ಬರ ಧಾರಾವಾಹಿಯ ಜಗಳದಲ್ಲಿ ಸಾರು ಸೀದು ಉಪವಾಸ ಬಿದ್ದವನು ನಾನು.

ಅದಕ್ಕೇ ಸ್ಪ್ಲಿಟರ್ ತಂದು ಒಂದು ವೈರನ್ನು ಎರಡು ಮಾಡಿದೆ. ಸಿಗ್ನಲ್ಲೂ ಎರಡು ಪಾಲಾಗಿ, ಎರಡೂ ಟಿವಿಯಲ್ಲಿ ಮುಖಗಳೆಲ್ಲ ಚೌಕ ಚೌಕ! ತಿಪಟೂರಿನ ಅಂಗಡಿಯವನು, "ಪಾಲು ಮಾಡೋಕೆ ಮುಂಚೆನೇ ಸಿಗ್ನಲ್ ಜೋರು ಮಾಡೋ ಬೂಸ್ಟರ್ ಹಾಕ್ಬೇಕು ಕಣ್ರೀ. ಕೊಡೆ ಹತ್ರನೇ ಇರ್ಲಿ" ಎಂದ. ಕೊಡೆಗೆ ಹತ್ತಿರದ ಜಾಗ ಅಟ್ಟ. ಅದರ ಮೂಲೆಯ ತೊಲೆಗೆ ಬೂಸ್ಟರ್, ಸ್ಪ್ಲಿಟರ್ ಎರಡನ್ನೂ ನೀಟಾಗಿ ಬಿಗಿದೆ. ಚಿತ್ರ ಕನ್ನಡಿಯಂತೆ ಬಂತು. ಮರುವಾರ ತೋಟದ ಕಾಯಿ ಕೆಡವಿಸಿ ಅಟ್ಟದ ತುಂಬ ಸುರಿಸಿದವನೂ ನಾನೇ. ಅಟ್ಟ ಸೇರಿದ ಕಾಯಿ ಒಣಗಿ ಉಂಡೆ ಕೊಬ್ಬರಿಯಾಗಲು ಹತ್ತಿರ ಹತ್ತಿರ ವರ್ಷ ಬೇಕು. ಬೂಸ್ಟರ್ ಎರಡೇ ತಿಂಗಳಿಗೆ ಕಣ್ಣು ಮುಚ್ಚಿತು, ಜೊತೆಗೆ ಎರಡೂ ಟಿವಿ.

"ಕಾಯಿ ಸರಿಸ್ರೀ" ಎಂದಳು ಗಿರಿಜೆ. "ತಲೇಲಿ ಏನೈತ್ಲಾ ನಿಂಗೆ?" ಎಂದಳು ಅವ್ವ. ಆ ಮೂಲೆ ತಲುಪಲು ಅರ್ಧ ಅಟ್ಟ ಇಳಿಸಬೇಕು. ಇಳಿಸಿದರೆ ಬೀದಿಯವರೆಲ್ಲ ಯಾಕೆಂದು ಕೇಳುತ್ತಾರೆ. ಬೇರೆ ವೈರ್ ಎಳೆಸೋಣವೆಂದರೆ, ಬೂಸ್ಟರ್ ಇಟ್ಟ ಜಾಗ ತಪ್ಪೆಂದು ಒಪ್ಪಿದಂತಲ್ಲವೇ? "ಕೊಬ್ಬರಿ ಆಗ್ಲಿ. ಅಲ್ಲೀಗಂಟ ಒಂದ್ ಕಾಯೂ ಮುಟ್ಟಲ್ಲ" ಎಂದು ಘೋಷಿಸಿಬಿಟ್ಟೆ.

ಇಬ್ಬರೂ ಎರಡು ದಿನ ಮುಖ ಊದಿಸಿಕೊಂಡಿದ್ದರು. ಮೂರನೆಯ ಸಂಜೆ ನೋಡುತ್ತೇನೆ, ಅತ್ತೆ ಸೊಸೆ ಜಗಲಿಯ ಮೇಲೆ ಅಕ್ಕಪಕ್ಕ ಕೂತು ಅವರೆಕಾಯಿ ಸುಲಿಯುತ್ತಿದ್ದಾರೆ! ಮದುವೆಯಾದಾಗಿನಿಂದ ನಾನು ಕಾಣದ ದೃಶ್ಯ. ಎದೆ ತುಂಬಿ ಬಂತು. ಹತ್ತಿರ ಹೋದರೆ, ನಾನು ಏಳನೇ ಕ್ಲಾಸಿನಲ್ಲಿ ಡುಮ್ಕಿ ಹೊಡೆದು ಹುಲ್ಲಿನ ಮೆದೆಯಲ್ಲಿ ಅಡಗಿದ್ದನ್ನು ಅವ್ವ ಅಭಿನಯಿಸುತ್ತಿದ್ದಳು. ಗಿರಿಜೆ ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದಳು. ಮಾರನೆಯ ದಿನ ಪಕ್ಕದ ಮನೆಯವರೂ ಬಂದು ಕೂತರು. ದಿನಕ್ಕೊಂದು ಕತೆ, ಎಲ್ಲದರಲ್ಲೂ ದಡ್ಡ ನಾನೇ. ತಿಂಗಳೆರಡು ಕಳೆಯುವಷ್ಟರಲ್ಲಿ ಮರ್ಯಾದೆಯಿಂದ ಬೀದಿಯಲ್ಲಿ ಓಡಾಡುವುದೇ ಕಷ್ಟವಾಯಿತು.

ಇವತ್ತು ಬೆಳಿಗ್ಗೆ ಯಾರಿಗೂ ಹೇಳದೆ ಏಣಿ ಹಾಕಿ ಒಂದು ಬುಟ್ಟಿ ಕಾಯಿ ಇಳಿಸಿದೆ. ತಿರುಗಿದರೆ ಇಬ್ಬರೂ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಾರೆ.

"ಯಾಕ್ಲಾ ಮುಟ್ಟಿದ್ದು? ಕೊಬ್ಬರಿ ಆಗ್ಲಿ ಅಂತ ನೀನೇ ಅಂದಿದ್ದೆ. ವಾಪಸ್ ಹಾಕು" ಎಂದಳು ಅವ್ವ.

"ಟಿವಿಗೇನು ಅವಸರ ಬುಡ್ರೀ," ಎಂದಳು ಗಿರಿಜೆ, "ನಿಮ್ ಹೈಸ್ಕೂಲ್ ಕತೆ ಇನ್ನೂ ಶುರುವೇ ಆಗಿಲ್ಲ."

ಇಳಿಸಿದ ಕಾಯನ್ನು ಒಂದೂ ಬಿಡದೆ ಮತ್ತೆ ಅಟ್ಟಕ್ಕೇರಿಸಿದೆ. ಆಗಲೂ ತಪ್ಪಾಯಿತು ಎನ್ನಲಿಲ್ಲ, ನೆನಪಿರಲಿ.