ಪ್ರಭಾರ ನೆಪೋಲಿಯನ್

ವಾಟರ್ಲೂ ಕದನವು ಪುರಸಭೆಯ ಗೋಡೆ ಮತ್ತು ಕಿಟಕಿ ಶಾಖೆಯಲ್ಲಿ ಪ್ರತಿ ಗುರುವಾರ ಮಧ್ಯಾಹ್ನ ಎರಡೂವರೆಗೆ ಮುಂದುವರಿಯತಕ್ಕದ್ದು. ಸಿಬ್ಬಂದಿಗೆ ನಿರ್ಧಾರ ಕೈಗೊಳ್ಳುವ ಅಭ್ಯಾಸವಾಗಲಿ ಎಂದು ಮೇಲಿನ ಕಚೇರಿಯವರು ಸುತ್ತೋಲೆ ಹೊರಡಿಸಿ, ಜೊತೆಗೆ ಹೆಬ್ಬೆರಳು ಗಾತ್ರದ ನಾನೂರು ತವರದ ಸೈನಿಕರನ್ನೂ ಎರಡು ದಾಳಗಳನ್ನೂ ನಿಯಮಗಳ ಪುಸ್ತಕವನ್ನೂ ಕಳಿಸಿದ್ದರು. ಗುಮಾಸ್ತನಾದ ನಾನು ಪುಸ್ತಕದ ಉಸ್ತುವಾರಿ. ಒಂದು ಸರದಿಗೆ ಕಾಲಾಳು ಆರು ಇಂಚು, ಕುದುರೆ ಹನ್ನೆರಡು ಇಂಚು ಚಲಿಸಬಹುದು. ಸತ್ತವರು ಡಬ್ಬಿಗೆ ಹೋಗಬೇಕು. ಕದನ ಶುರುವಾಗಿ ಎರಡು ವರ್ಷವಾಗಿತ್ತು. ಅಷ್ಟರಲ್ಲಿ ನಾವು ಇತಿಹಾಸದಲ್ಲಿ ಕದನ ನಡೆದ ಆ ಒಂದೇ ದಿನದ ಸಂಜೆ ನಾಲ್ಕು ಗಂಟೆಯವರೆಗೆ ಬಂದಿದ್ದೆವು.

ಸೈನಿಕರೇನೋ ಬಂದರು, ಬೆಟ್ಟ ಬಂದಿರಲಿಲ್ಲ. ಇಂಗ್ಲಿಷರು ನಿಲ್ಲುವುದಕ್ಕೆ ಮೇಜಿನ ಮೇಲೆ ಬೆಟ್ಟ ಬೇಕೇ ಬೇಕು, ಅದು ಅಲುಗಾಡಲೂ ಬಾರದು. ಕಚೇರಿಯಲ್ಲಿ ಅಲುಗಾಡದ ವಸ್ತು ಯಾವುದೆಂದು ಎಲ್ಲರೂ ಕೂತು ಯೋಚಿಸಿ, ಬಾಕಿ ಅರ್ಜಿಗಳ ಕಡತಗಳನ್ನು ಪೇರಿಸಿ ಹಸಿರು ಬಟ್ಟೆ ಹೊದಿಸಿದೆವು. ನೋಡುವುದಕ್ಕೆ ಕಣ್ಣಿಗೆ ತಂಪಾಗಿತ್ತು.

ಹೀಗಿರುವಾಗ ಒಂದು ಗುರುವಾರ ಟೈಲರಕ್ಕ ಬಂದರು. ಕಿಟಕಿಯಿಲ್ಲದ ಕೋಣೆಯಲ್ಲಿ ಹಗಲಿಡೀ ಬಲ್ಬು ಹಾಕಿಕೊಂಡು ಊರಿನವರ ಬಟ್ಟೆ ಹೊಲಿಯುವವರು. ಗೋಡೆಗೆ ಒಂದು ಕಿಟಕಿ ಇಡಿಸಲು ಅರ್ಜಿ ಹಾಕಿ ನಾಲ್ಕು ವರ್ಷವಾಗಿತ್ತು. ಹೀಗೇ ಇನ್ನೊಂದು ವರ್ಷ ಹೊಲಿದರೆ ಸೂಜಿಯ ಆಸೆ ಬಿಡಬೇಕಾಗುತ್ತದೆ ಎಂದು ಕಣ್ಣಿನ ಡಾಕ್ಟರು ಹೇಳಿದ್ದರಂತೆ.

"ನನ್ನ ಫೈಲ್ ಎಲ್ಲಿದೆ ಸಾರ್?"

"ಬೆಟ್ಟದಲ್ಲಿದೆ ಕಣಮ್ಮಾ. ಮೇಲಿಂದ ಏಳನೇದು," ಎಂದರು ಅಧೀಕ್ಷಕರು. ಇಂಗ್ಲಿಷ್ ಸೇನಾಪತಿ ಅವರೇ.

"ಸ್ವಲ್ಪ ತೆಗೆದುಕೊಡಿ."

"ಯುದ್ಧ ಮುಗಿಯೋವರೆಗೂ ಬೆಟ್ಟ ಮುಟ್ಟೋ ಹಾಗಿಲ್ಲ."

"ಯುದ್ಧ ಯಾವಾಗ ಮುಗಿಯುತ್ತೆ?"

"ನೆಪೋಲಿಯನ್ ಬಂದ ಮೇಲೆ."

ನೆಪೋಲಿಯನ್ ಆಗಿದ್ದ ಎರಡನೇ ದರ್ಜೆ ಸಹಾಯಕರಿಗೆ ವರ್ಗವಾಗಿ ಐದು ತಿಂಗಳಾಗಿತ್ತು. ಹುದ್ದೆ ಖಾಲಿ ಇತ್ತು. ಅಧೀಕ್ಷಕರು ಮಾತ್ರ ವಾರ ವಾರವೂ ತಪ್ಪದೆ ಬಂದು, ಬೆಟ್ಟದ ಹಿಂದೆ ಎರಡು ಗಂಟೆ ನಿಂತು, ಶತ್ರು ಕಾಣದೆ ಮನೆಗೆ ಹೋಗುತ್ತಿದ್ದರು.

"ಹಾಗಾದ್ರೆ ಆ ಕುರ್ಚೀಲಿ ನಾನೇ ಕೂತ್ಕೋತೀನಿ," ಎಂದರು ಟೈಲರಕ್ಕ.

ನಾನು ಪುಸ್ತಕ ತಿರುವಿ ನೋಡಿದೆ. ಅಡ್ಡಿಯಿರಲಿಲ್ಲ. "ಅರ್ಜಿದಾರರನ್ನು ಮುಂದಿನ ಆದೇಶದವರೆಗೆ ನೆಪೋಲಿಯನ್ ಹುದ್ದೆಯ ಪ್ರಭಾರದಲ್ಲಿರಿಸಿದೆ" ಎಂದು ಟಿಪ್ಪಣಿ ಬರೆದು ಮುಂದಿಟ್ಟೆ. ಅಧೀಕ್ಷಕರು ಕೂಡಲೇ ಸಹಿ ಹಾಕಿದರು. ಅವರ ಸೇವಾವಧಿಯಲ್ಲಿ ಕೂಡಲೇ ಬಿದ್ದ ಸಹಿ ಅದೊಂದೇ. ಪಾಪ, ಸೋಲಿಸುವುದಕ್ಕೆ ಯಾರೂ ಸಿಗದೆ ಸೊರಗಿಹೋಗಿದ್ದರು.

ಟೈಲರಕ್ಕ ಕನ್ನಡಕ ಏರಿಸಿಕೊಂಡು, ಮೂಗು ಫಿರಂಗಿಗೆ ತಾಗುವಷ್ಟು ಬಗ್ಗಿದರು. ಮೊದಲು ನಟ್ಟನಡುವೆ ನುಗ್ಗಿ, ಎರಡು ಸರದಿಯಲ್ಲಿ ತಮ್ಮದೇ ಮೂವತ್ತು ಜನರನ್ನು ಡಬ್ಬಿಗೆ ಕಳಿಸಿದರು. ಆಮೇಲೆ ಬಲಗಡೆ ನೋಡಿ, "ಇಲ್ಲಿ ಯಾಕೆ ಯಾರೂ ಇಲ್ಲ?" ಎಂದು ಕೇಳಿದರು.

ಇಂಗ್ಲಿಷರ ನೆರವಿಗೆ ಪ್ರಷ್ಯಾದ ಸೈನ್ಯ ಬರಬೇಕಾದದ್ದು ಆ ಕಡೆಯಿಂದಲೇ. ಪ್ರಷ್ಯಾವನ್ನು ನಡೆಸುವವರು ನಮ್ಮ ಟೈಪಿಸ್ಟ್. ಅವರು ಆ ದಿನ ಸಾಂದರ್ಭಿಕ ರಜೆಯಲ್ಲಿದ್ದರು.

ಟೈಲರಕ್ಕ ಅಷ್ಟೂ ಕುದುರೆಗಳನ್ನು ಬಲಕ್ಕೆ ತಿರುಗಿಸಿದರು. ಅಧೀಕ್ಷಕರು ಕಚೇರಿಯ ಮರದ ಸ್ಕೇಲು ಇಟ್ಟು ನೋಡಿ, "ಬೆಟ್ಟಕ್ಕೆ ಹದಿಮೂರು ಇಂಚಿದೆ. ಒಂದಿಂಚು ಕಮ್ಮಿ ಬೀಳುತ್ತೆ," ಎಂದರು. ಟೈಲರಕ್ಕ ಕೊರಳಿನ ಟೇಪು ತೆಗೆದು ಅಳೆದರು. ಹನ್ನೆರಡೇ ಇತ್ತು. ಸ್ಕೇಲಿನ ಮೊದಲನೇ ಇಂಚು ಯಾವ ಕಾಲದಲ್ಲೋ ಮುರಿದುಹೋಗಿತ್ತು. ಊರಿನ ಗೋಡೆಗಳನ್ನೆಲ್ಲ ನಾವು ಅದರಲ್ಲೇ ಅಳೆದಿದ್ದರಿಂದ ಆ ವಿಷಯವನ್ನು ಯಾರೂ ಬೆಳೆಸಲಿಲ್ಲ.

"ಅದೇನೇ ಇರ್ಲಿ, ದಾಖಲೆ ಪ್ರಕಾರ ಫ್ರೆಂಚರು ಸೋಲ್ಬೇಕು ಕಣಮ್ಮಾ."

"ದಾಖಲೆ ಪ್ರಕಾರ ನನ್ನ ಅರ್ಜಿಗೆ ಮೂವತ್ತು ದಿನದಲ್ಲಿ ಉತ್ತರ ಬರ್ಬೇಕಿತ್ತು ಸಾರ್."

ಅಧೀಕ್ಷಕರು ಒಂದು ದಾಳ ಕೊಟ್ಟರು. ಬೆಟ್ಟ ಕೈವಶವಾಗಲು ಐದಾದರೂ ಬೀಳಬೇಕು. ಟೈಲರಕ್ಕ ದಾಳವನ್ನು ಕಣ್ಣಿನ ಹತ್ತಿರ ಹಿಡಿದು ಅದರ ಚುಕ್ಕೆ ಎಣಿಸಿ ನೋಡಿದರು. ನಿಯಮಪಾಲಕ ಯಾರ ಪಕ್ಷವನ್ನೂ ವಹಿಸಕೂಡದು. ನಾನು ವಹಿಸಿದೆ, ಸುಳ್ಳೇಕೆ ಹೇಳಲಿ. ದೇವರೇ, ಆಕೆಗೊಂದು ಕಿಟಕಿ ಸಿಗಲಿ ಎಂದುಕೊಂಡೆ.

ಐದು ಬಿತ್ತು.

ಹಸಿರು ಬಟ್ಟೆ ಸರಿಸಿ ಏಳನೇ ಕಡತವನ್ನು ಆಕೆಯೇ ಎಳೆದುಕೊಂಡರು. "ಸದರಿ ಅರ್ಜಿದಾರರು ವಾಟರ್ಲೂ ಕದನದಲ್ಲಿ ಜಯಗಳಿಸಿರುವುದರಿಂದ ಸದರಿ ಕಿಟಕಿಯನ್ನು ಮಂಜೂರು ಮಾಡಿ ಆದೇಶಿಸಿದೆ" ಎಂದು ನಾನು ಬರೆದೆ. "ಚೆನ್ನಾಗಿ ಆಡಿದ್ರಿ ಕಣಮ್ಮಾ," ಎಂದು ಅಧೀಕ್ಷಕರು ಸಹಿ ಹಾಕಿದರು.

ಫಲಿತಾಂಶವು ಇತಿಹಾಸಕ್ಕೆ ವಿರುದ್ಧವಾಗಿದೆ, ಸೂಕ್ತ ನಿರ್ದೇಶನ ನೀಡಬೇಕು ಎಂದು ಮೇಲಿನ ಕಚೇರಿಗೆ ಬರೆದೆವು. ಪ್ರಷ್ಯಾದ ರಜೆ ಅರ್ಜಿ ಕ್ರಮಬದ್ಧವಾಗಿದೆಯೇ ಎಂದು ಅವರು ಕೇಳಿದರು. ಕ್ರಮಬದ್ಧವಾಗಿತ್ತು. ಫಲಿತಾಂಶ ಊರ್ಜಿತವಾಯಿತು. ಉಳಿದ ಕಡತಗಳಿಗೆ ಮತ್ತೆ ಹಸಿರು ಬಟ್ಟೆ ಹೊದಿಸಿ, ಮುಂದಿನ ಗುರುವಾರಕ್ಕೆ ಸೈನಿಕರನ್ನು ಪುನಃ ನಿಲ್ಲಿಸಿದೆವು.

ಮೊನ್ನೆ ಅಂಗಿಯ ಕಾಲರ್ ತಿರುವಿ ಹೊಲಿಸಲು ಹೋಗಿದ್ದೆ. ಟೈಲರಕ್ಕ ಹೊಸ ಕಿಟಕಿಯ ಪಕ್ಕದಲ್ಲಿ ಕೂತು, ಮೊದಲ ಸಲಕ್ಕೇ ಸೂಜಿಗೆ ದಾರ ಪೋಣಿಸಿದರು. ನನಗೆ ಬಹಳ ಸಂತೋಷವಾಯಿತು. ಅಷ್ಟರಲ್ಲಿ ಪಕ್ಕದ ಮನೆಯ ಬಡಗಿ ಬಂದ.

"ಅಕ್ಕಾ, ಹಿಂಬಾಗಿಲು ಇಡೋಕೆ ಅರ್ಜಿ ಕೊಟ್ಟು ಆರು ವರ್ಷ ಆಯ್ತು. ಏನ್ ಮಾಡ್ಲಿ?"

"ಗುರುವಾರ ಹೋಗಪ್ಪ," ಎಂದರು ಟೈಲರಕ್ಕ, ಹೊಲಿಗೆಯಿಂದ ತಲೆಯೆತ್ತದೆ. "ನಡುವೆ ನುಗ್ಗಬೇಡ, ಫಿರಂಗಿ ಇವೆ. ಕುದುರೆಗಳನ್ನ ಬಲಗಡೆಯಿಂದ ಬಿಡು."

ಬಡಗಿ ಸರಿ ಎಂದು ತಲೆಯಾಡಿಸಿ, ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು ನನ್ನ ಕಡೆ ತಿರುಗಿದ.

"ಸಾರ್, ಪ್ರಷ್ಯಾದವರು ಮತ್ತೆ ಯಾವಾಗ ರಜೆ?"