ಮಾಧವರಂ ಶಾಲೆಯ ಅಸಲಿ ಕಂಪ್ಯೂಟರ್

ಎಲ್ಲ ರಗಳೆಗೂ ಕಾರಣ ಪರದೆಯ ಬಲ ಮೂಲೆಯಲ್ಲಿ ಮೂಡಿದ ಎರಡು ಸಾಲು ಅಕ್ಷರ. ತೆಳ್ಳಗೆ, ಬೂದಿ ಬಣ್ಣದಲ್ಲಿ, ಗೋಡೆಯ ಮೇಲೆ ಹಲ್ಲಿ ಕೂತಂತೆ ಕೂತಿದ್ದವು. ಈ ಕಂಪ್ಯೂಟರಿನ ವಿಂಡೋಸ್ ಅಸಲಿ ಎಂದು ಇನ್ನೂ ರುಜುವಾತಾಗಿಲ್ಲ, ಆಕ್ಟಿವೇಟ್ ಮಾಡಿಸಿ ಎಂಬುದು ಅದರ ತಾತ್ಪರ್ಯ. ಬೇರೆ ದಿನವಾಗಿದ್ದರೆ ಸೋಮೇಶ್ ಸಾರ್ ನೋಡಿಯೂ ನೋಡದಂತೆ ಇದ್ದುಬಿಡುತ್ತಿದ್ದರು. ಆದರೆ ಅವತ್ತು ಮಧ್ಯಾಹ್ನ ಮೂರಕ್ಕೆ ಶಿಕ್ಷಣ ಇಲಾಖೆಯ ಅಧಿಕಾರಿ ತಪಾಸಣೆಗೆ ಬರುವವರಿದ್ದರು.

ಶಾಲೆಯಿಂದ ಶಾಲೆಗೆ ಸುತ್ತಿ ಹಿಂದಿನ ದಿನವಷ್ಟೇ ಸುತ್ತೋಲೆ ಇಲ್ಲಿಗೆ ಬಂದಿತ್ತು. ಅಸಲಿ ಪರವಾನಗಿ ಇಲ್ಲದ ಕಂಪ್ಯೂಟರುಗಳನ್ನು ಶಾಲೆಗಳಿಂದ ತೆಗೆಯಲಾಗುವುದು ಎಂದು ಅದರಲ್ಲಿತ್ತು. ತುಂಗಭದ್ರೆಯ ಆಂಧ್ರದ ದಡದಲ್ಲಿದ್ದ ಮಾಧವರಂ ಶಾಲೆಯ ಮುಂದಿನ ಕೋಣೆಗಳಲ್ಲಿ ತೆಲುಗು, ಇಂಗ್ಲಿಷ್. ಹಿಂದಿನ ಎರಡು ಕೋಣೆಗಳಲ್ಲಿ ಕನ್ನಡ. ಆ ಎರಡು ಕೋಣೆಗೆ ಸೋಮೇಶ್ ಸಾರೇ ಮಾಸ್ತರರು, ಹದಿನೆಂಟು ಮಕ್ಕಳೇ ಪ್ರಜೆಗಳು. ಇದ್ದ ಒಂದೇ ಕಂಪ್ಯೂಟರನ್ನು ಆದೋನಿಯ ಹತ್ತಿ ವ್ಯಾಪಾರಿಯೊಬ್ಬರು ತಾವು ಕಲಿತ ಶಾಲೆಯೆಂಬ ಅಭಿಮಾನಕ್ಕೆ ಬಿಡಿಭಾಗ ಕೊಡಿಸಿ ಜೋಡಿಸಿಕೊಟ್ಟಿದ್ದರು. ಅದರಲ್ಲಿ ಮಕ್ಕಳು ಪಾಳಿಯ ಮೇಲೆ ಕನ್ನಡ ಟೈಪ್ ಮಾಡಲು ಕಲಿಯುತ್ತಿದ್ದರು. ಅದು ಹೋದರೆ ಆ ಹದಿನೆಂಟು ಮಂದಿ ಮತ್ತೆ ಕಂಪ್ಯೂಟರನ್ನು ಪಾಠಪುಸ್ತಕದ ಚಿತ್ರದಲ್ಲೇ ನೋಡಬೇಕಿತ್ತು. ಸೋಮೇಶ್ ಸಾರ್ ರಾತ್ರಿಯೆಲ್ಲ ಸರಿಯಾಗಿ ನಿದ್ದೆ ಮಾಡಿರಲಿಲ್ಲ.

ಹಾಗಂತ ಅವರು ಕಳ್ಳ ಮಾಲಿನವರಲ್ಲ. ಮೊದಲ ದಿನವೇ ಹಟ ಹಿಡಿದು ಅಸಲಿ ಪರವಾನಗಿ ಕೊಂಡಿದ್ದರು. ಅದರ ಕೀಲಿ, ಅಂದರೆ ಇಪ್ಪತ್ತೈದು ಅಕ್ಷರದ ಗುರುತು, ಬೀರುವಿನಲ್ಲಿ ಭದ್ರವಾಗಿತ್ತು. ಹೋದ ವಾರ ಕರೆಂಟು ಏರಿಳಿದು ಮದರ್‌ಬೋರ್ಡ್ ಸುಟ್ಟು, ಆದೋನಿಯ ಅಂಗಡಿಯ ವಾಗೀಶ್ ಬಂದು ಹೊಸದು ಹಾಕಿ ಹೋಗಿದ್ದ. ಅಂದಿನಿಂದ ಮೂಲೆಯಲ್ಲಿ ಈ ಹಲ್ಲಿ. ಬೆಳಿಗ್ಗೆ ಹತ್ತಕ್ಕೆ ಸೋಮೇಶ್ ಸಾರ್ ಬೀರು ತೆಗೆದು ಕೀಲಿಯನ್ನು ಒಂದೊಂದೇ ಅಕ್ಷರ ಒತ್ತಿ ಹಾಕಿದರು. ಈ ಕೀಲಿ ಈಗಾಗಲೇ ಬೇರೆ ಯಂತ್ರದಲ್ಲಿ ಬಳಕೆಯಾಗಿದೆ ಎಂದು ಯಂತ್ರ ಹೇಳಿತು. ವಾಗೀಶನಿಗೆ ಫೋನ್ ಮಾಡಿದರು.

"ಸಾರ್, ಬೋರ್ಡ್ ಬದಲಿ ಆದ್ಮ್ಯಾಲೆ ವಿಂಡೋಸ್ ಲೆಕ್ಕದಾಗ ಇದು ಬ್ಯಾರೇನs ಕಂಪ್ಯೂಟರ್ ರೀ. ಹಳೇ ಬೋರ್ಡಿನ ಗುರ್ತು ಇಟ್ಕೊಂಡೈತಿ. ಈಗ ಅದೇ ಕೀ ಹಾಕಿದ್ರ ಯಾರದೋ ಕದ್ದು ಹಾಕಾಕತ್ಯಾರ ಅಂತ ತಿಳ್ಕೊಂತೈತಿ."

"ಅದೇ ಡಬ್ಬಿ, ಅದೇ ಸ್ಕ್ರೀನ್, ಕೀ ಕೊಂಡಾವ ನಾನೇ. ಒಂದು ಬೋರ್ಡ್ ಸುಟ್ಟಿದ್ದಕ್ಕ ನಾ ಕಳ್ಳ ಆದೆ ಏನಪ್ಪಾ?"

"ಸಿಟ್ಟಾಗಬ್ಯಾಡ್ರಿ ಸಾರ್. ಫೋನಿನ ದಾರಿ ಒಂದೈತಿ. ಅಲ್ಲಿ ಆಕ್ಟಿವೇಟ್ ಅಂತ ಒತ್ತಿದ್ರ ಸ್ಕ್ರೀನ್ ಮ್ಯಾಲೆ ಅರವತ್ಮೂರು ಅಂಕಿ ಬರ್ತಾವ, ಒಂದು ನಂಬರೂ ಬರ್ತೈತಿ. ಆ ನಂಬರಿಗೆ ಹಚ್ಚಿ ಅಷ್ಟೂ ಒತ್ರಿ. ಅದು ತಿರುಗಿ ನಲವತ್ತೆಂಟು ಅಂಕಿ ಹೇಳ್ತೈತಿ, ಬರ್ಕೊಂಡು ಟೈಪ್ ಮಾಡ್ರಿ. ಒಂದು ತಪ್ಪಿದ್ರೂ ಮೊದಲಿಂದ."

ಫೋನಿಟ್ಟ ಸೋಮೇಶ್ ಸಾರಿಗೆ ಅಜ್ಜನ ನೆನಪಾಯಿತು. ಅಜ್ಜ ಆದೋನಿಯ ಮನೆ ಬಿಟ್ಟು ಕದಲಿದವನೇ ಅಲ್ಲ. ಆದರೂ ನಡುವೆ ರಾಜ್ಯ ಒಡೆದು ಗಡಿ ಬದಲಾದ್ದರಿಂದ ಬಳ್ಳಾರಿ ಜಿಲ್ಲೆಯಲ್ಲಿ ಹುಟ್ಟಿ ಕರ್ನೂಲು ಜಿಲ್ಲೆಯಲ್ಲಿ ಸತ್ತಿದ್ದ. ಎಷ್ಟು ಕಚೇರಿಗಳಲ್ಲಿ ನಾನು ನಾನೇ ಎಂದು ಅರ್ಜಿ ಕೊಟ್ಟಿದ್ದನೋ. ಪಾಪದ ಕಂಪ್ಯೂಟರಿಗೂ ಅದೇ ಗತಿ ಬಂತಲ್ಲ ಎಂದು ಅವರಿಗೆ ನಿಜಕ್ಕೂ ಮರುಕವಾಯಿತು.

ಅಷ್ಟರಲ್ಲಿ ಸುದ್ದಿ ಹಬ್ಬಿತ್ತು. ಆಟದ ಮಾಸ್ತರ ಶ್ರೀನು ಜೇಬಿನಿಂದ ಪೆನ್ ಡ್ರೈವ್ ತೆಗೆದು ಹಿಡಿದ.

"ಸಾರ್, ಇದರಾಗ ಐತಿ ಔಷಧ. ಒಂದು ಸಲ ಒತ್ತಿದ್ರ ಸಾಕು, ಕಳ್ಳ ಹೋಗಿ ಸಾಹುಕಾರ ಆಗ್ತೈತಿ. ಅರ್ಧ ಆದೋನಿ ಇದರ ಮ್ಯಾಲೇ ನಡೀತೈತಿ."

"ಪರೀಕ್ಷಾದಾಗ ಚೀಟಿ ತಂದ ಹುಡುಗ್ರಿಗೆ ನಾ ಏನಂತೀನಿ, ಶ್ರೀನು?"

"ಫೇಲಾದ್ರೂ ಪರವಾಲೇದು, ಕಾಪಿ ಹೊಡೀಬ್ಯಾಡ್ರಿ ಅಂತೀರಿ."

"ಅದನ್ನ ಇವತ್ತು ನನಗ ನಾನೇ ಅಂದ್ಕೊಳಾಕತ್ತೀನಿ. ಒಳಗಿಡು."

ಶ್ರೀನು ಒಳಗಿಟ್ಟ. ಆದರೆ ಹೋಗಲಿಲ್ಲ. ಇನ್ನೊಬ್ಬರ ತಾಪತ್ರಯವನ್ನು ಹತ್ತಿರದಿಂದ ನೋಡುವ ಸುಖವೇ ಬೇರೆ.

ಮುಂದೆ ಬಂದವರು ಹೆಡ್‌ಮಿಸ್ ವಿಜಯಶ್ರೀ ಮೇಡಂ. ಮೂಲೆಯ ಅಕ್ಷರಗಳನ್ನು ಕನ್ನಡಕ ಏರಿಸಿ ನೋಡಿ, ತಮ್ಮ ಚೀಲದಿಂದ ವಿಭೂತಿಯ ಗಟ್ಟಿ ತೆಗೆದರು.

"ಇಷ್ಟಕ್ಯಾಕ ಒದ್ದಾಡ್ತೀರಿ ಸೋಮೇಶ್? ಮ್ಯಾಲೆ ಮೂರು ಎಳಿ ವಿಭೂತಿ ಎಳದ್ರಾತು. ಪೂಜಿ ಮಾಡಿದ್ದು ಅಂದ್ರ ಯಾವ ಆಫೀಸರ್ ಕೈ ಹಚ್ಚಿ ಅಳಿಸ್ತಾನ ನೋಡೋಣ."

ಬೇಡ ಎನ್ನುವಷ್ಟರಲ್ಲಿ ಎಳೆದೇಬಿಟ್ಟರು. ಬೆಳಕು ಹಿಂದಿನಿಂದ ಬರುವುದರಿಂದ ಅಕ್ಷರಗಳು ವಿಭೂತಿಯ ನಡುವಿನಿಂದ ಮೊದಲಿಗಿಂತ ಚೆನ್ನಾಗಿ ಎದ್ದುಕಂಡವು. ಶ್ರೀನು ಒದ್ದೆ ಬಟ್ಟೆಯಿಂದ ಒರೆಸಲು ಹೋಗಿ ಪರದೆಗೆಲ್ಲ ಸುಣ್ಣ ಬಳಿದಂತೆ ಮಾಡಿದ. ಅದನ್ನು ತಿಕ್ಕಿ ತೆಗೆಯುವಲ್ಲಿ ಹನ್ನೆರಡು ಹೊಡೆಯಿತು. ಕೊನೆಗೆ ಸೋಮೇಶ್ ಸಾರ್ ಅರವತ್ಮೂರು ಅಂಕಿಗಳನ್ನು, ಏಳೇಳರ ಒಂಬತ್ತು ಗುಂಪುಗಳನ್ನು, ಹಾಳೆಯ ಮೇಲೆ ಬರೆದುಕೊಂಡರು.

"ಅರವತ್ಮೂರಾ? ಪುರಾತನ ಶಿವಭಕ್ತರ ಸಂಖ್ಯೆ ರೀ ಅದು! ಶಿವಶರಣರು ಕೈ ಬಿಡೂದಿಲ್ಲ, ಹೋಗ್ರಿ," ಎಂದು ಮೇಡಂ ಹರಸಿದರು.

ಕಲ್ಲುಬಂಡೆಯ ಸೂರಿನ ಆ ಕೋಣೆಯಲ್ಲಿ ಫೋನಿನ ಮಾತು ತುಂಡು ತುಂಡಾಗುತ್ತಿತ್ತು. ಮಾಳಿಗೆ ಹತ್ತಿ ನೀರಿನ ಟ್ಯಾಂಕಿನ ಪಕ್ಕ ನಿಂತು ಕೈ ಚಾಚಿದರೆ ಮಾತ್ರ ಹೊಳೆಯಾಚೆಯ ಟವರು ಸಿಗುತ್ತದೆ. ಕರ್ನಾಟಕಕ್ಕೆ ಸ್ವಾಗತ ಎಂದು ಸಂದೇಶವೂ ಬರುತ್ತದೆ. ಸಾರ್ ಫೋನನ್ನು ಸ್ಪೀಕರಿಗೆ ಹಾಕಿ, ಒಂದು ಕೈಯಲ್ಲಿ ತುಂಗಭದ್ರೆಯ ಕಡೆ ಚಾಚಿ, ಇನ್ನೊಂದು ಕೈಯ ಬೆರಳಿನಿಂದ ಒತ್ತಬೇಕು. ಹಾಳೆ ಓದುವವರು ಯಾರು? ಬಿಸಿಯೂಟದ ಉರುಕುಂದಮ್ಮ ಅಲ್ಲಿ ತೊಳೆದ ಪಾತ್ರೆಗಳನ್ನು ಬಿಸಿಲಿಗೆ ಬೋರಲು ಹಾಕುತ್ತಿದ್ದಳು. ಮೂರನೆಯ ತರಗತಿಯವರೆಗೆ ಓದಿದ್ದಳು, ಅಂಕಿ ಬಲ್ಲಳು.

"ಒಂದೊಂದೇ ಓದಮ್ಮ, ನಿಧಾನಕ್ಕ."

"ಎರಡು. ಒಂಬತ್ತು. ಲಾಭ. ನಾಲ್ಕು. ಎಂಟು. ಲಾಭ. ಐದು."

ಸೋಮೇಶ್ ಸಾರ್ ಅಂಕಿಗಳನ್ನು ಒತ್ತಿದರು. ನಡುವೆ ಬಂದ ಲಾಭವನ್ನು ಒಳ್ಳೆಯದಾಗಲೆಂಬ ಹಾರೈಕೆಯೆಂದು ತಿಳಿದು ತಲೆಯಾಡಿಸಿದರು. ಅಂಕಿಗಳು ಕಡಿಮೆಯಿವೆ, ಮತ್ತೆ ಪ್ರಯತ್ನಿಸಿ ಎಂದಿತು ಫೋನಿನ ಹೆಣ್ಣುದನಿ. ಮತ್ತೆ ಓದಿಸಿದರು. ಮತ್ತೆ ಹಾರೈಕೆ, ಮತ್ತೆ ಕಡಿಮೆ. ಬಿಸಿಲಿಗೆ ನೆತ್ತಿ ಸಿಡಿಯುತ್ತಿತ್ತು. ಮೂರನೆಯ ಸಲ ಲೈನೇ ಕಡಿದುಹೋಯಿತು. ಆಗ ಅವರೇ ಹಾಳೆ ಕಸಿದುಕೊಂಡು ನೋಡಿದರು.

"ಉರುಕುಂದಮ್ಮ, ಲಾಭ ಅಂದ್ರ ಎಷ್ಟಮ್ಮ?"

"ಲಾಭ ಅಂದ್ರ ಲಾಭ ರೀ ಸಾರೂ. ಎರಡರ ಹಿಂದಿಂದು."

"ಒಂದು ಅನ್ನಾಕ ಬರೂದಿಲ್ಲೇನು?"

"ದಿನಾ ಅಕ್ಕಿ ಅಳಿಯೋ ಬಾಯಿ ಸಾರೂ ಇದು. ಮೊದಲ್ನೇ ಸೇರಿಗೆ ಒಂದು ಅಂದ್ರ ಒಂದಕ್ಕs ನಿಂತುಬಿಡ್ತೈತಿ. ಮಕ್ಕಳ ಊಟ ಅದು. ಲಾಭ ಅಂತ ಸುರುಮಾಡಿದ್ರ ಎಲ್ಲಾರ ತಟ್ಟಿಗೂ ಬರ್ತೈತಿ."

ಸೋಮೇಶ್ ಸಾರಿಗೆ ಬಂದ ಸಿಟ್ಟು ಅಲ್ಲೇ ಇಳಿದುಹೋಯಿತು. ಹಾಳೆ ವಾಪಸು ಕೊಟ್ಟರು. ಈ ಸಲ ಲಾಭ ಬಂದಲ್ಲೆಲ್ಲ ಒಂದನ್ನು ಒತ್ತಿದರು. ಅರವತ್ಮೂರೂ ದಾಟಿದವು. ಈ ಪ್ರತಿಯನ್ನು ಎಷ್ಟು ಕಂಪ್ಯೂಟರುಗಳಲ್ಲಿ ಹಾಕಿದ್ದೀರಿ ಎಂದು ದನಿ ಕೇಳಿತು. ಸಾರ್ ತಮಗೇ ಗೊತ್ತಿಲ್ಲದಂತೆ "ಲಾಭ" ಎಂದು ಗೊಣಗಿ ಒಂದನ್ನು ಒತ್ತಿದರು. ಹಿಂದೆಯೇ ಬಂದಿದ್ದ ಶ್ರೀನು, ದನಿ ಹೇಳಿದ ನಲವತ್ತೆಂಟು ಅಂಕಿಗಳನ್ನು ಹಾಳೆಯ ಹಿಂಬದಿ ಬರೆದುಕೊಂಡ.

ಕೆಳಗಿಳಿದು ಬಂದು ಕುರ್ಚಿ ಎಳೆದುಕೊಳ್ಳುವಾಗ ಎರಡು ಗಂಟೆ. ಬೆರಳು ಕೀಲಿಮಣೆಗೆ ತಾಗುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು.

ಮುಂದಿನ ನಲವತ್ತು ನಿಮಿಷ ಮೂವರೂ ಕಪ್ಪು ಪರದೆಯ ಮುಂದೆ ಕೂತರು. ಮೇಡಂ ಮೆಲ್ಲಗೆ ಪಂಚಾಕ್ಷರಿ ಹೇಳಿದರು. ಶ್ರೀನು ಆಗಾಗ ಹೊರಗೆ ಹೋಗಿ ಜೀಪು ಬಂತೇ ಎಂದು ನೋಡಿ ಬಂದ. ಸೋಮೇಶ್ ಸಾರ್ ಬಾಗಿಲಾಚೆ ನೋಡುತ್ತಿದ್ದರು. ಹೊರಗೆ ಜಗಲಿಯ ಮೇಲೆ ಮಕ್ಕಳು ಸಾಲಾಗಿ ಕೂತು, ಯಾರೂ ಹೇಳದೆಯೇ ಗಲಾಟೆ ನಿಲ್ಲಿಸಿದ್ದರು. ಅವರಿಗೂ ಏನೋ ತಿಳಿದಿತ್ತು.

ಎರಡೂ ನಲವತ್ತಕ್ಕೆ ಕರೆಂಟು ಬಂತು. ಮೇಡಂ ಓದಿದರು, ಸಾರ್ ಒತ್ತಿದರು, ಶ್ರೀನು ಎಣಿಸಿದ. ಕೊನೆಯ ಅಂಕಿ ಹಾಕಿ ಗುಂಡಿ ಒತ್ತಿದಾಗ ಚಿಕ್ಕದೊಂದು ಚಕ್ರ ತಿರುಗಿತು, ತಿರುಗಿತು, ನಿಂತಿತು. ಮೂಲೆಯ ಅಕ್ಷರಗಳು ಇದ್ದ ಜಾಗದಲ್ಲಿ ಬರೀ ನೀಲಿ ಉಳಿಯಿತು.

"ಹೋತು ರೀ!" ಎಂದು ಮೇಡಂ ಹುಡುಗಿಯಂತೆ ಕೂಗಿದರು. ಶ್ರೀನು ಸಿಳ್ಳು ಹೊಡೆದ. ಸೋಮೇಶ್ ಸಾರ್ ಕನ್ನಡಕ ತೆಗೆದು ಒರೆಸಿಕೊಂಡರು. ಇಪ್ಪತ್ತು ವರ್ಷದ ನೌಕರಿಯಲ್ಲಿ ಇಷ್ಟು ಖುಷಿ ಅವರಿಗೆ ಆಗಿರಲಿಲ್ಲ. ಸರಿಯಾದ ದಾರಿಯಲ್ಲೇ ಹೋಗಿ ಗೆದ್ದಿದ್ದರು.

ಅಧಿಕಾರಿ ಮೂರೂ ಇಪ್ಪತ್ತಕ್ಕೆ ಬಂದರು. ಮೆದು ಮಾತಿನ ಮನುಷ್ಯ. "ನಾನೂ ಆಲೂರಿನಾವನೇ ರೀ, ಕನ್ನಡದಾಗೇ ಮಾತಾಡೋಣ," ಎಂದು ಕೂತರು. ಸಾರ್ ಪರವಾನಗಿಯ ಹಾಳೆ, ಖರೀದಿ ರಸೀತಿ, ಪರದೆಯ ಮೇಲಿನ ಒಕ್ಕಣೆ ಎಲ್ಲವನ್ನೂ ತೋರಿಸಿದರು. ಅಧಿಕಾರಿ ಬಗ್ಗಿ ನೋಡಿದರು, ಮೂಲೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು. ಆಮೇಲೆ ಎದ್ದು ನಿಂತು ಸೋಮೇಶ್ ಸಾರಿನ ಎರಡೂ ಕೈ ಹಿಡಿದುಕೊಂಡರು.

"ಹದಿನೈದು ದಿನ ಆತು ರೀ ನಾ ತಿರುಗಾಕತ್ತು. ನಂದವರಂದಿಂದ ಚಿಪ್ಪಗಿರಿ ಮಟ ನಲವತ್ತು ಸ್ಕೂಲ್ ನೋಡೀನಿ. ಅಸಲಿ ಅಂತ ಸಿಕ್ಕಿದ್ದು ಇದೊಂದೇ. ನಿಮ್ಮಂಥವ್ರು ಬೇಕು ರೀ."

ಸಾರಿನ ಎದೆ ಉಬ್ಬಿತು.

"ಡ್ರೈವರ್, ಇದರ ವೈರ್ ಬಿಚ್ಚು," ಎಂದರು ಅಧಿಕಾರಿ.

"ಯಾಕ್ರೀ ಸಾರ್?"

"ಆಫೀಸಿಗೆ ತೊಗೊಂಡು ಹೋಗ್ತೀನಿ. ಸೋಮವಾರ ನಮಗೇ ತಪಾಸಣಿ ಐತಿ. ನಮ್ಮಲ್ಲಿ ಹನ್ನೆರಡು ಅದಾವ, ಹನ್ನೆರಡಕ್ಕೂ ಮೂಲ್ಯಾಗ ಬರದೈತಿ. ಒಂದಾದ್ರೂ ಅಸಲಿ ತೋರಿಸ್ಬೇಕಲ್ರಿ?"

"ಅಸಲಿ ಅಲ್ಲದ್ದನ್ನ ತೆಗೀತೀವಿ ಅಂತಲ್ರಿ ಸುತ್ತೋಲ್ಯಾಗ ಇದ್ದದ್ದು?" ಸೋಮೇಶ್ ಸಾರ್ ಕೇಳಿದರು.

"ಬರದೀವಿ, ಖರೇ. ಮೂವತ್ತೊಂಬತ್ತು ಡಬ್ಬಿ ತಂದು ಎಲ್ಲಿ ಇಟ್ಕೊಳ್ಳಿ ಹೇಳ್ರಿ? ಸರಿಪಡಿಸಿಕೊಳ್ಳತಕ್ಕದ್ದು ಅಂತ ಷರಾ ಬರದು ಅಲ್ಲಲ್ಲೇ ಬಿಟ್ಟು ಬಂದೀನಿ."

ಯಾರೂ ಕೇಳಬಾರದಿದ್ದ ಪ್ರಶ್ನೆಯನ್ನು ಶ್ರೀನು ಕೇಳಿದ. "ಮತ್ತ ನಮ್ಮದೂ ನಕಲಿ ಇದ್ದಿದ್ರ, ಸಾರ್?"

"ಇಲ್ಲೇ ಇರ್ತಿತ್ತು," ಎಂದರು ಅಧಿಕಾರಿ, ಬಹಳ ಸಹಜವಾಗಿ.

ವಾಪಸು ಯಾವಾಗ ಎಂದು ಮೇಡಂ ಕೇಳಿದರು. ತಪಾಸಣೆ ಮುಗಿಯಲಿ ಎಂದರು ಅಧಿಕಾರಿ. ಗಂಡನ ಮನೆಗೆ ಹೋದ ಮಗಳು ಹಬ್ಬಕ್ಕಾದರೂ ತವರಿಗೆ ಬರುತ್ತಾಳೆ; ಕಚೇರಿಗೆ ಹೋದ ವಸ್ತು ಬಂದದ್ದನ್ನು ಅಲ್ಲಿದ್ದವರು ಯಾರೂ ಕಂಡಿರಲಿಲ್ಲ. ವೈರಿಗೆ ಕೈ ಹಾಕಿದ್ದ ಡ್ರೈವರನ್ನು ಅಧಿಕಾರಿ ತಡೆದರು. ಏನೋ ನೆನಪಾಗಿತ್ತು.

"ಸಾರ್, ಒಂದು ಪತ್ರ ಬೇಕಾಗ್ತೈತಿ. ಇಲಾಖೆಯ ಉಪಯೋಗಕ್ಕ ಸ್ವಂತ ಮನಸ್ಸಿಂದ ಕೊಡಾಕತ್ತೀವಿ ಅಂತ. ಹೆಂಗೂ ಚಾಲೂ ಐತಿ, ಇದರಾಗೇ ಟೈಪ್ ಮಾಡಿಬಿಡ್ರಿ."

ಸೋಮೇಶ್ ಸಾರ್ ಕೂತು ಟೈಪ್ ಮಾಡಿದರು. ಎರಡೇ ಸಾಲು. ಸ್ವಂತ ಮನಸ್ಸಿನಿಂದ ಎಂಬಲ್ಲಿ ಎರಡು ಸಲ ತಪ್ಪಾಯಿತು, ಅಳಿಸಿ ಸರಿ ಮಾಡಿದರು. ಯಂತ್ರ ಮಾತ್ರ ಎಲ್ಲೂ ತಡವರಿಸಲಿಲ್ಲ.

ಡ್ರೈವರು ಡಬ್ಬಿಯನ್ನು ಎದೆಗೆ ಅವಚಿಕೊಂಡು ಜಗಲಿಗೆ ಬಂದಾಗ ಹದಿನೆಂಟು ಮಕ್ಕಳೂ ಎದ್ದು ನಿಂತರು. ಅಧಿಕಾರಿಗೆ ಅವರನ್ನು ನೋಡಿ ಏನಾದರೂ ಒಳ್ಳೆಯ ಮಾತು ಆಡಬೇಕೆನಿಸಿತು. ಕೈಯೆತ್ತಿ ಹೇಳಿದರು:

"ಮಕ್ಕಳ್ರಾ, ನಲವತ್ತು ಸ್ಕೂಲಿನಾಗ ನಿಮ್ಮ ಸಾರಿಂದೇ ಫಸ್ಟ್ ಬಂದೈತಿ! ಜೋರಾಗಿ ಚಪ್ಪಾಳಿ ಹೊಡೀರಿ!"

ಮಕ್ಕಳಿಗೆ ಅಷ್ಟು ಸಾಕಾಗಿತ್ತು. ಬೆಳಗಿನಿಂದ ಬಿಗಿಹಿಡಿದಿದ್ದ ಉಸಿರನ್ನೆಲ್ಲ ಬಿಟ್ಟು, ಸಾರ್ ಗೆದ್ದರೆಂದು ಕುಣಿಯುತ್ತ ಚಪ್ಪಾಳೆ ಹೊಡೆದರು. ಮೇಡಂ ಮುಖ ಆಚೆ ತಿರುಗಿಸಿದರು. ಮಕ್ಕಳೆಲ್ಲ ತಮ್ಮ ಮುಖವನ್ನೇ ನೋಡುತ್ತಿದ್ದುದರಿಂದ, ಸುಮ್ಮನೆ ನಿಂತರೆ ಚೆನ್ನಾಗಿರುವುದಿಲ್ಲವೆಂದು ಸೋಮೇಶ್ ಸಾರೂ ಚಪ್ಪಾಳೆ ತಟ್ಟಿದರು.